ಕಲ್ನಾಡು ಮತ್ತು ಹೋಸ್ಟಿಂಗ್: ಹೊಸೂರು ಸೀಮೆಯಿಂದ ಒಂದು ಟಿಪ್ಪಣಿ

ಹೊಸೂರು-ಕೃಷ್ಣಗಿರಿ ಸೀಮೆಯ ಕನ್ನಡ ವೀರಗಲ್ಲುಗಳಿಗೆ ವೆಬ್‌ಸೈಟ್ ಮಾಡೋಣ ಅಂದಾಗ ಮೊದಲು ಕೇಳೋದು: ಹೋಸ್ಟಿಂಗ್‌ಗೆ ಎಷ್ಟಾಗುತ್ತೆ? ಚರಿತ್ರೆಯ ವಿದ್ಯಾರ್ಥಿಗಳಾದ ನಾವು ಇನ್ನೊಂದನ್ನೂ ಕೇಳಬೇಕು: ಮುಂದೆ ನೋಡಿಕೊಳ್ಳೋರು ಯಾರು?

ಹೊಸೂರು ರಸ್ತೆಗೆ ಹತ್ತಿರದ ಬೇಗೂರಿನ, ಸುಮಾರು ಕ್ರಿ.ಶ. 890ರ ಗಂಗರ ಕಾಲದ ವೀರಗಲ್ಲು ನೋಡಿ. ಕಾಳಗದಲ್ಲಿ ನಾಗತ್ತರ ಸತ್ತ ಮೇಲೆ ಎರೆಯಪ್ಪ ಇರುಗನಿಗೆ ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟ. ಅಂದರೆ ನೆನಪಿನ ಜೊತೆಗೆ ಊರುಗಳ ಆದಾಯವೂ ಸೇರಿತ್ತು.

ಉಚಿತ ಹೋಸ್ಟಿಂಗ್‌ಗೆ ಅಂಥ ಆಸರೆ ಇರೋಲ್ಲ. ಅಮೆರಿಕದ ಜಿಯೋಸಿಟೀಸನ್ನು ಯಾಹೂ 2009ರ ಅಕ್ಟೋಬರ್‌ನಲ್ಲಿ ಮುಚ್ಚಿತು. ಬೇರೆಯವರು ಪ್ರತಿ ಮಾಡಿಟ್ಟ ಪುಟಗಳಷ್ಟೇ ಉಳಿದವು.

ಆದ್ದರಿಂದ ಡೊಮೇನ್ ನಮ್ಮ ಹೆಸರಲ್ಲೇ ಇರಲಿ. ಪಠ್ಯ ಯೂನಿಕೋಡ್‌ನಲ್ಲಿರಲಿ. ಪೂರ್ತಿ ಬ್ಯಾಕಪ್ ತೆಗೆದುಕೊಂಡು ಬೇರೆಡೆಗೆ ಹೋಗಲು ಬಿಡುವ ಹೋಸ್ಟಿಂಗನ್ನೇ ಆರಿಸೋಣ. ವರ್ಷವರ್ಷದ ನವೀಕರಣದ ಹಣ ಯಾರು ಕಟ್ಟಬೇಕು ಅನ್ನೋದನ್ನು ಮೊದಲೇ ಬರೆದಿಡೋಣ. ಅದೇ ನಮ್ಮ ಕಲ್ನಾಡು.