ಐದು ಬೆಕ್ಕುಗಳ ಸಂತಾನ

ಮೇರಿಯನ್ ಎಂಬುದು ಹಿಂದೂ ಮಹಾಸಾಗರದ ದಕ್ಷಿಣ ತುದಿಯಲ್ಲಿರುವ ಒಂದು ಜ್ವಾಲಾಮುಖಿ ದ್ವೀಪ. ಕೇಪ್‌ಟೌನಿನಿಂದ ಸುಮಾರು ಎರಡು ಸಾವಿರ ಕಿ.ಮೀ. ದೂರ, ವಿಸ್ತೀರ್ಣ ಸುಮಾರು 290 ಚದರ ಕಿ.ಮೀ. ಹತ್ತೊಂಬತ್ತನೇ ಶತಮಾನದಲ್ಲಿ ಸೀಲ್ ಬೇಟೆಗಾರರ ಹಡಗುಗಳೊಂದಿಗೆ ಇಲಿಗಳು ಅಲ್ಲಿಗೆ ಬಂದವು. ಮುಂದೆ ದಕ್ಷಿಣ ಆಫ್ರಿಕಾ ಅಲ್ಲಿ ಹವಾಮಾನ ಕೇಂದ್ರ ತೆರೆದಾಗ ಇಲಿಗಳ ಕಾಟ ತಡೆಯಲು 1949ರಲ್ಲಿ ಐದು ಬೆಕ್ಕುಗಳನ್ನು ತರಲಾಯಿತು.

ಬೆಕ್ಕುಗಳಿಗೆ ಇಲಿಗಿಂತ ಸುಲಭದ ತುತ್ತು ಸಿಕ್ಕಿತು. ನೆಲದ ಬಿಲಗಳಲ್ಲಿ ಗೂಡು ಮಾಡುವ ಪೆಟ್ರೆಲ್ ಹಕ್ಕಿಗಳಿಗೆ ಇಂಥ ಶತ್ರುವಿನ ಪರಿಚಯವೇ ಇರಲಿಲ್ಲ. 1970ರ ದಶಕದ ಅಂದಾಜಿನಂತೆ ವರ್ಷಕ್ಕೆ ಸುಮಾರು ನಾಲ್ಕೂವರೆ ಲಕ್ಷ ಹಕ್ಕಿಗಳು ಬೆಕ್ಕುಗಳ ಬಾಯಿಗೆ ಬೀಳುತ್ತಿದ್ದವು. 1977ರ ಹೊತ್ತಿಗೆ ಐದು ಬೆಕ್ಕುಗಳ ಸಂತಾನ ಸುಮಾರು 3,400ಕ್ಕೆ ಬೆಳೆದಿತ್ತು.

ಆ ವರ್ಷ ವಿಜ್ಞಾನಿಗಳು ರೋಗವನ್ನೇ ಆಯುಧ ಮಾಡಿಕೊಂಡರು. ತೊಂಬತ್ತಕ್ಕೂ ಹೆಚ್ಚು ಬೆಕ್ಕುಗಳಿಗೆ ಪ್ಯಾನ್‌ಲ್ಯುಕೋಪೀನಿಯಾ ವೈರಾಣು ತಗುಲಿಸಿ ಬಿಟ್ಟರು. ಇದು ಬೆಕ್ಕುಗಳ ಮಾರಕ ಸೋಂಕು. ಕರುಳಿನ ಒಳಪದರ ಮತ್ತು ಮೂಳೆಮಜ್ಜೆಯ ಜೀವಕೋಶಗಳನ್ನು ನಾಶಮಾಡುತ್ತದೆ; ರಕ್ತದ ಬಿಳಿಕಣಗಳು ಕುಸಿಯುತ್ತವೆ; ವಾಂತಿ, ಭೇದಿಯಿಂದ ಮರಿಗಳು ಬೇಗ ಸಾಯುತ್ತವೆ. ಮನುಷ್ಯರಿಗೆ ಇದು ತಗಲುವುದಿಲ್ಲ. ನಮ್ಮ ಊರಿನ ಬೆಕ್ಕುಗಳಿಗೂ ಬರುವ ಈ ರೋಗವನ್ನು ತಡೆಯಲು ಲಸಿಕೆಯಿದೆ.

1982ರಲ್ಲಿ ಸುಮಾರು 600 ಬೆಕ್ಕುಗಳಷ್ಟೇ ಉಳಿದಿದ್ದವು. ಆದರೆ ರೋಗ ಅಲ್ಲಿಂದ ಮುಂದೆ ಮಂದವಾಯಿತು. ಬದುಕುಳಿದವುಗಳಲ್ಲಿ ರೋಗನಿರೋಧಕ ಶಕ್ತಿ ಬೆಳೆದಿತ್ತು; ತಾಯಿಯಿಂದ ಮರಿಗೂ ಒಂದಷ್ಟು ಕಾಲದ ರಕ್ಷಣೆ ಸಿಗುತ್ತಿತ್ತು. ಬೆಕ್ಕುಗಳು ವಿರಳವಾದಂತೆ ಸೋಂಕು ಒಂದರಿಂದ ಇನ್ನೊಂದಕ್ಕೆ ದಾಟುವುದೂ ಕಷ್ಟವಾಯಿತು. ಕೊನೆಗೆ 1986ರಿಂದ ರಾತ್ರಿ ದೀಪ ಹಿಡಿದು ಬಂದೂಕಿನಿಂದ ಬೇಟೆಯಾಡಿದರು, ಬೋನು ಹಾಕಿದರು. 1991ರ ವೇಳೆಗೆ ದ್ವೀಪದಲ್ಲಿ ಬೆಕ್ಕಿನ ಸುಳಿವಿಲ್ಲದಂತಾಯಿತು.

ಕಥೆ ಅಲ್ಲಿಗೂ ಮುಗಿಯಲಿಲ್ಲ. ಹಕ್ಕಿಗಳೇನೋ ಚೇತರಿಸಿಕೊಳ್ಳತೊಡಗಿದವು. ಆದರೆ ಇಲಿಗಳು ಉಳಿದಿದ್ದವು, ಹವೆ ಬಿಸಿಯಾದಂತೆ ಹೆಚ್ಚಿದವು. 2003ರಲ್ಲಿ ಅವು ಅಲ್ಬಟ್ರಾಸ್ ಮರಿಗಳನ್ನು ಜೀವಂತವಾಗಿ ಕಚ್ಚುವುದು ಕಂಡುಬಂತು. 2023ರಲ್ಲಿ ಬೆಳೆದ ಹಕ್ಕಿಗಳನ್ನೂ ಬಿಡಲಿಲ್ಲ. ಈಗ ಇಲಿಗಳನ್ನು ನಿರ್ಮೂಲ ಮಾಡುವ ಯೋಜನೆ ನಡೆದಿದೆ.

ಇಲಿಯೂ ಬೆಕ್ಕೂ ತಾವಾಗಿ ಅಲ್ಲಿಗೆ ಹೋದವಲ್ಲ. ಹೊತ್ತು ತಂದವನು ಮನುಷ್ಯ; ನರಳಿ ಸತ್ತ ಬೆಕ್ಕುಗಳೂ, ಬಿಲದಲ್ಲೇ ಸತ್ತ ಹಕ್ಕಿಗಳೂ ಅವನ ಲೆಕ್ಕಕ್ಕೇ ಸೇರಬೇಕಾದವು.