ಜುಟ್ಟು, ಕ್ರಾಪು, ನಾಟಿ: ಹಣೆ ಮೇಲಿನ ಒಂದು ಗೆರೆಯ ಕಥೆ

ಬಸ್ಸಲ್ಲಿ ಕಿಟಕಿ ಪಕ್ಕ ಕೂತು ಕೇಳ್ತಿದ್ದೀರೋ, ರೂಮಲ್ಲಿ ಮಲಗಿ ಕೇಳ್ತಿದ್ದೀರೋ ಗೊತ್ತಿಲ್ಲ. ಒಂದು ಕೆಲಸ ಮಾಡಿ. ಸೆಲ್ಫಿ ಕ್ಯಾಮೆರಾ ಆನ್ ಮಾಡಿ, ಹಣೆ ಮೇಲಿನ ಕೂದಲನ್ನ ಹಿಂದಕ್ಕೆ ಎತ್ತಿ ಹಿಡಿದು ನೋಡಿ. ನಾನು ಹೇಳೋಕೆ ಮುಂಚೆನೇ ಈ ವಾರ ಇದನ್ನ ಒಂದೆರಡು ಸಲ ಮಾಡಿದವರು ನಿಮ್ಮಲ್ಲಿ ಇದ್ದೇ ಇರ್ತೀರಿ. ನಾನಂತೂ ಮಾಡಿದ್ದೀನಿ.

ಹಣೆ ಮುಗಿದು ಕೂದಲು ಶುರುವಾಗೋ ಆ ಗೆರೆ ಒಂದಿಷ್ಟು ಹಿಂದೆ ಸರಿದ್ರೆ ಇವತ್ತಿನ ಹುಡುಗನಿಗೆ ನಿದ್ದೆ ಬರಲ್ಲ. ಗ್ರೂಪ್ ಫೋಟೊದಲ್ಲಿ ಹಿಂದೆ ನಿಲ್ತಾನೆ, ಬೈಕ್ ನಿಲ್ಲಿಸಿದ ಮೇಲೂ ಹೆಲ್ಮೆಟ್ ತೆಗೆಯೋಕೆ ಹಿಂಜರೀತಾನೆ, ಕೊನೆಗೆ ಇಎಂಐ ಹಾಕಿಸ್ಕೊಂಡು ಹೇರ್ ಟ್ರಾನ್ಸ್‌ಪ್ಲಾಂಟ್‌ಗೆ ಹೋಗ್ತಾನೆ. ತಪ್ಪಾ ಸರಿಯಾ ಅನ್ನೋದು ಆಮೇಲೆ. ನನಗೆ ಕಾಡಿದ ಪ್ರಶ್ನೆ ಬೇರೆ. ಈ ಗೆರೆಗೆ ಇಷ್ಟೊಂದು ಬೆಲೆ ಬಂದಿದ್ದು ಯಾವಾಗ?

ಉತ್ತರ ಹುಡುಕೋಕೆ ನೀಲಗುಂದದಿಂದ ಶುರು ಮಾಡೋಣ. ಹರಪನಹಳ್ಳಿ ತಾಲೂಕು, ಈಗ ವಿಜಯನಗರ ಜಿಲ್ಲೆ. ಊರು ಚಿಕ್ಕದು, ಚರಿತ್ರೆ ದೊಡ್ಡದು. ಕಲ್ಯಾಣ ಚಾಲುಕ್ಯರ ಕಾಲದ ಭೀಮೇಶ್ವರ ಗುಡಿ ಇರೋದು ಇಲ್ಲೇ. ಅಲ್ಲಿಂದ ಪಕ್ಕದ ಹಡಗಲಿ ತಾಲೂಕಿನ ಕುರುವತ್ತಿಗೆ ಹೋದ್ರೆ, ಮಲ್ಲಿಕಾರ್ಜುನ ಗುಡಿಯಲ್ಲಿ ಅದೇ ಚಾಲುಕ್ಯ ಶಿಲ್ಪಿಗಳ ಮದನಿಕೆಯರು ಕಾಣ್ತಾರೆ. ಶಿಲ್ಪಿ ಅವರ ತುರುಬಿಗೆ ಕೊಟ್ಟ ಶ್ರದ್ಧೆ ನೋಡಿ, ಇವತ್ತಿನ ಬ್ಯೂಟಿ ಪಾರ್ಲರ್‌ನವರು ಕೈಮುಗೀಬೇಕು. ಇದೇ ಸೀಮೆಯ ಕೋಗಳಿ ಒಂದು ಕಾಲದಲ್ಲಿ ದೊಡ್ಡ ಜೈನ ಕೇಂದ್ರ. ಜೈನ ಮುನಿಗಳದ್ದು ಕೇಶಲೋಚ, ಅಂದ್ರೆ ಕತ್ತರಿಯೂ ಇಲ್ಲ, ಕ್ಷೌರದ ಕತ್ತಿಯೂ ಇಲ್ಲ, ಕೈಯಿಂದಲೇ ಕೂದಲು ಕೀಳೋದು. ಒಂದೇ ಸೀಮೆಯಲ್ಲಿ ಕೂದಲನ್ನ ಕಲ್ಲಲ್ಲಿ ಕೆತ್ತಿ ಮೆರೆಸಿದವರೂ ಇದ್ರು, ಕಿತ್ತು ಎಸೆದು ದೊಡ್ಡವರಾದವರೂ ಇದ್ರು.

ಇವರ ನಡುವೆ ಇದ್ದ ಸಾಮಾನ್ಯ ಗಂಡಸಿನ ತಲೆ ಹೇಗಿತ್ತು? ಹಳೇ ಫೋಟೊಗಳನ್ನ ನೋಡಿ. ಅನೇಕ ಸಮುದಾಯಗಳಲ್ಲಿ ಗಂಡಸರು ಮುಂದಲೆಯನ್ನ ತಾವೇ ಬೋಳಿಸಿಕೊಂಡು, ಹಿಂದೆ ಜುಟ್ಟು ಬಿಡ್ತಿದ್ರು. ಮುಂದೆ ಖಾಲಿ, ಹಿಂದೆ ಕೂದಲು. ಇವತ್ತು ಯಾವ ತಲೆ ನೋಡಿ ಡಾಕ್ಟರು ‘ಪ್ಯಾಟರ್ನ್ ಬಾಲ್ಡ್‌ನೆಸ್’ ಅಂತಾರೋ, ಅವತ್ತು ಅದಕ್ಕೆ ದುಡ್ಡು ಕೊಟ್ಟು ಕ್ಷೌರ ಮಾಡಿಸ್ತಿದ್ರು! ಜುಟ್ಟಿನವನಿಗೆ ಮುಂದಲೆ ಉದುರಿದ್ರೆ ಕ್ಷೌರಿಕನ ಕೆಲಸ ಕಡಿಮೆಯಾಯ್ತು, ಅಷ್ಟೇ.

ಉಳಿದವರಿಗೆ ರುಮಾಲು ಇತ್ತು. ಬಳ್ಳಾರಿ ಸೀಮೆಯ ಬಿಸಿಲಿಗೆ ಅದು ಬೇಕೇ ಬೇಕು. ಆದ್ರೆ ಬಿಸಿಲಿಗಷ್ಟೇ ಅಲ್ಲ, ಹಿರಿಯರ ಮುಂದೆ, ಕಚೇರಿಯಲ್ಲಿ, ಮದುವೆಯಲ್ಲಿ ಬರಿತಲೆಯಲ್ಲಿ ನಿಲ್ಲೋದೇ ಮರ್ಯಾದೆ ಅಲ್ಲ ಅಂತಿದ್ದ ಕಾಲ. ಸರ್ ಎಂ. ವಿಶ್ವೇಶ್ವರಯ್ಯನವರನ್ನ ಪೇಟ ಇಲ್ಲದೆ ಕಲ್ಪಿಸ್ಕೊಳ್ಳೋಕಾಗುತ್ತಾ? ಪೇಟದ ಕೆಳಗೆ ಎಷ್ಟು ಕೂದಲಿತ್ತು ಅಂತ ಯಾರೂ ಕೇಳಲಿಲ್ಲ.

ಹಾಗಂತ ಅದು ಬಂಗಾರದ ಕಾಲ ಅಂದ್ಕೋಬೇಡಿ. ಅದೇ ಕಾಲದಲ್ಲಿ ಕೆಲವು ಮನೆಗಳಲ್ಲಿ, ಮುಖ್ಯವಾಗಿ ಬ್ರಾಹ್ಮಣ ಮನೆಗಳಲ್ಲಿ, ಗಂಡ ಸತ್ತ ಹೆಣ್ಣುಮಗಳ ತಲೆ ಬೋಳಿಸ್ತಿದ್ರು. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಕಾದಂಬರಿ ಬಾಲ್ಯದಲ್ಲೇ ವಿಧವೆಯಾದ ಅಂಥ ಒಬ್ಬಳ ಬದುಕು. 1983ರಲ್ಲಿ ಪ್ರೇಮಾ ಕಾರಂತ್ ಅದನ್ನ ಸಿನಿಮಾ ಮಾಡಿದ್ರು. ತಲೆ ಬೋಳಾದ ಮೇಲೆ ಶುಭಕಾರ್ಯಕ್ಕೆ ಮುಂದೆ ಬರಬಾರದು, ಎದುರಿಗೆ ಬಂದ್ರೆ ಅಪಶಕುನ. ಕೂದಲು ಹೋದ್ರೆ ದಿನದ ಬದುಕೇ ಬದಲಾಗುತ್ತೆ ಅನ್ನೋ ಮಾತು ಇವರ ಬಾಯಲ್ಲಿ ಬಂದಿದ್ರೆ ಅದರ ತೂಕವೇ ಬೇರೆ. ನಮ್ಮ ಸಂಕಟ ಅವರದ್ದಕ್ಕೆ ಸಮ ಅಂತ ನಾನು ಹೇಳ್ತಿಲ್ಲ. ಆದ್ರೆ ಒಂದು ವಿಷಯ ಸ್ಪಷ್ಟ: ನೋಯಿಸಿದ್ದು ಕೂದಲು ಇಲ್ಲದ್ದಲ್ಲ, ಅದಕ್ಕೆ ಬೇರೆಯವರು ಕೊಟ್ಟ ಅರ್ಥ. ತಿರುಪತಿಯಲ್ಲಿ ಮುಡಿ ಕೊಟ್ಟು ಬಂದವರನ್ನ ನೋಡಿ ಯಾರಾದ್ರೂ ನಗ್ತಾರಾ? ‘ದರ್ಶನ ಚೆನ್ನಾಗಾಯ್ತಾ, ಲಾಡು ಎಲ್ಲಿ’ ಅಂತ ಕೇಳ್ತಾರೆ.

ಆಮೇಲೆ ಬಂತು ಕ್ರಾಪು. ಇಂಗ್ಲಿಷ್ ಶಾಲೆ, ಸರ್ಕಾರಿ ಕೆಲಸ, ಪಟ್ಟಣದ ಸಲೂನು ಇವುಗಳ ಜತೆ ಬಂದ ಕೂದಲು ಅದು. ಮಗ ಜುಟ್ಟು ಕತ್ತರಿಸಿ ಕ್ರಾಪು ಬಿಟ್ಟ ಅಂತ ಮನೆಗಳಲ್ಲಿ ಜಗಳಗಳೇ ಆಗಿವೆ. ಕ್ರಾಪಿನಲ್ಲಿ ಬೈತಲೆ, ಅಲೆ, ಬಾಚಣಿಗೆ ಎಲ್ಲಾ ಇರೋದು ಮುಂದಲೆಯಲ್ಲೇ. ಜೊತೆಗೆ ರುಮಾಲೂ ತಲೆಯಿಂದ ಇಳೀತು. ಅಲ್ಲಿಗೆ ಹಣೆ ಮೇಲಿನ ಗೆರೆ ಮೊದಲ ಸಲ ಬಯಲಿಗೆ ಬಂತು. ಸ್ಟುಡಿಯೋ ಫೋಟೊ, ಸಿನಿಮಾ ಪೋಸ್ಟರು, ಈಗ ನಿಮ್ಮ ಕೈಯಲ್ಲಿರೋ ಫೋನು ಎಲ್ಲಾ ಅದರ ಮೇಲೇ ಬೆಳಕು ಬಿಟ್ವು. ನನ್ನ ಲೆಕ್ಕದಲ್ಲಿ ಈ ಆತಂಕದ ವಯಸ್ಸು ಹೆಚ್ಚೆಂದ್ರೆ ನೂರು ಚಿಲ್ಲರೆ ವರ್ಷ.

ಇದನ್ನ ಕನ್ನಡದಲ್ಲಿ ನಗಿಸ್ತಾ ನೋವಾಗೋ ಹಾಗೆ ತೋರಿಸಿದ್ದು 2017ರ ‘ಒಂದು ಮೊಟ್ಟೆಯ ಕಥೆ’. ರಾಜ್ ಬಿ. ಶೆಟ್ಟಿ ಅವರದ್ದೇ ನಿರ್ದೇಶನ, ಅವರದ್ದೇ ಬೋಳುತಲೆ. ಮಂಗಳೂರಿನ ಕನ್ನಡ ಲೆಕ್ಚರರ್ ಜನಾರ್ದನನಿಗೆ 28 ವರ್ಷ, ಮದುವೆಗೆ ಹೆಣ್ಣು ಸಿಗ್ತಿಲ್ಲ. ಈ ಕಥೆ ಹಿಂದಿಗೆ, ಮಲಯಾಳಂಗೆ ಹೋಯ್ತು ಅಂದ್ರೆ ಸಂಕಟ ಮಂಗಳೂರಿಗಷ್ಟೇ ಸೇರಿದ್ದಲ್ಲ. ರಜನಿಕಾಂತ್ ಉದಾಹರಣೆ ಕೊಡೋರಿದ್ದಾರೆ. ಬೆಂಗಳೂರಲ್ಲಿ ಕಂಡಕ್ಟರ್ ಆಗಿದ್ದವರು, ಪರದೆ ಮೇಲೆ ವಿಗ್, ಹೊರಗೆ ಖಾಲಿ ತಲೆ, ಯಾವ ಮುಜುಗರವೂ ಇಲ್ಲ. ನಿಜ. ಆದ್ರೆ ಅದು ರಜನಿಕಾಂತ್‌ಗೆ. ಹೆಣ್ಣು ನೋಡೋಕೆ ಹೊರಟ ಕೊಟ್ಟೂರಿನ ಹುಡುಗನಿಗೆ ಆ ಸಲಹೆ ಕೊಟ್ರೆ ಅವನು ನಿಮ್ಮನ್ನೇ ನೋಡಿ ನಗ್ತಾನೆ.

ವಿಗ್ ಅಂದೆ ನೋಡಿ. ನೀಲಗುಂದದಿಂದ ಉತ್ತರಕ್ಕೆ ಹೋಗಿ ತುಂಗಭದ್ರೆ ದಾಟಿದ್ರೆ ಕೊಪ್ಪಳ. ಅದಕ್ಕೆ ಅಂಟಿಕೊಂಡ ಭಾಗ್ಯನಗರ ಕೂದಲು ಉದ್ಯಮಕ್ಕೇ ಹೆಸರಾದ ಊರು. ಬಾಚಣಿಗೆಯಲ್ಲಿ ಬಂದ ಕೂದಲಿನ ಉಂಡೆಯನ್ನ ಬಿಡಿಸಿ, ಉದ್ದದ ಪ್ರಕಾರ ಜೋಡಿಸೋ ಕೆಲಸ ಅಲ್ಲಿನ ಹೆಣ್ಣುಮಕ್ಕಳದ್ದು. ಯಾರದ್ದೋ ಉದುರಿದ ಕೂದಲು ಎಲ್ಲಿಯೋ ಯಾರದ್ದೋ ತಲೆಗೆ ವಿಗ್ ಆಗಿ ಕೂರುತ್ತೆ.

ಟ್ರಾನ್ಸ್‌ಪ್ಲಾಂಟ್ ಹಾಗಲ್ಲ. ಅಲ್ಲಿ ಕೂದಲೂ ನಿಮ್ಮದೇ, ತಲೆಯೂ ನಿಮ್ಮದೇ. 1939ರಲ್ಲಿ ಜಪಾನಿನ ಚರ್ಮವೈದ್ಯ ಒಕುಡಾ, ಗಾಯದ ಕಲೆಯಿಂದ ಕೂದಲು ಹೋದವರಿಗೆ ಕೂದಲಿರೋ ಚರ್ಮದ ಸಣ್ಣ ಬಿಲ್ಲೆ ಕಸಿ ಮಾಡಿ ಬರೆದ. ಬರೆದದ್ದು ಜಪಾನಿ ಭಾಷೆಯಲ್ಲಿ, ಅಷ್ಟರಲ್ಲೇ ಯುದ್ಧ. ಹೊರಗಿನವರಿಗೆ ಸುದ್ದಿಯೇ ಮುಟ್ಟಲಿಲ್ಲ. 1942ರಲ್ಲಿ ಅಮೆರಿಕದ ಹ್ಯಾಮಿಲ್ಟನ್ ಗಂಡಸರ ಬೋಳುತಲೆಗೆ ಗಂಡು ಹಾರ್ಮೋನೇ ಕಾರಣ ಅಂತ ತೋರಿಸಿದ. ಹಾಗಾಗಿ ಬೋರ್‌ವೆಲ್ ನೀರು, ಹೆಲ್ಮೆಟ್ಟು ಅಂತ ಬೈಯ್ಯೋದನ್ನ ಸ್ವಲ್ಪ ಕಡಿಮೆ ಮಾಡಿ. 1952ರಲ್ಲಿ ನ್ಯೂಯಾರ್ಕ್‌ನ ನಾರ್ಮನ್ ಓರೆಂಟ್ರೈಕ್ ಹಿಂದಲೆ ಕೂದಲನ್ನ ಮುಂದಲೆಗೆ ತಂದು ನೆಟ್ಟ. ಅಲ್ಲಿ ಸಿಕ್ಕ ಗುಟ್ಟೇ ಇಡೀ ವಿದ್ಯೆಗೆ ಬುನಾದಿ: ಹಿಂದಲೆ ಕೂದಲು ಎಲ್ಲಿ ನೆಟ್ರೂ ತನ್ನ ಗುಣ ಬಿಡಲ್ಲ, ಮುಂದಲೆಗೆ ಬಂದ್ರೂ ಉದುರಲ್ಲ.

ನಾವು ‘ಕೂದಲು ಕಸಿ’ ಅಂತೀವಿ. ನನಗೆ ‘ನಾಟಿ’ ಅನ್ನೋದೇ ಸರಿ ಅನ್ಸುತ್ತೆ. ಗಂಗಾವತಿ ಕಡೆ ಭತ್ತದ ಸಸಿಮಡಿಯಿಂದ ಕಿತ್ತು ಗದ್ದೆಗೆ ಹಚ್ತಾರಲ್ಲ, ಅದೇ. ಓರೆಂಟ್ರೈಕ್ ಕಾಲದಲ್ಲಿ 4 ಮಿಲಿಮೀಟರಿನ ಬಿಲ್ಲೆ, ಗೊಂಬೆ ತಲೆಯ ಹಾಗೆ ಪೊದೆ ಪೊದೆ ಕಾಣ್ತಿತ್ತು. ಈಗ ಒಂದರಿಂದ ನಾಲ್ಕು ಕೂದಲಿನ ಸಣ್ಣ ಗುಚ್ಛ, ಒಂದೊಂದಾಗಿ. ಆದ್ರೆ ಭತ್ತಕ್ಕೂ ಇದಕ್ಕೂ ಒಂದು ವ್ಯತ್ಯಾಸ ಇದೆ, ಜಾಹೀರಾತಿನಲ್ಲಿ ಅದನ್ನ ಹೇಳಲ್ಲ. ಇಲ್ಲಿ ಸಸಿಮಡಿಗೆ ಮತ್ತೆ ಬೀಜ ಹಾಕೋಕಾಗಲ್ಲ. ಹಿಂದಲೆಯಿಂದ ಕಿತ್ತದ್ದು ಅಲ್ಲಿ ಮತ್ತೆ ಬರಲ್ಲ. ಇಪ್ಪತ್ತೆರಡಕ್ಕೇ ಹಣೆ ಕೆಳಗಿಳಿಸಿ ಗೆರೆ ಎಳೆಸ್ಕೊಂಡವನ ಹಳೇ ಕೂದಲು ಹಿಂದೆ ಹಿಂದೆ ಉದುರ್ತಾ ಹೋದ್ರೆ, ನಲವತ್ತಕ್ಕೆ ಮುಂದೆ ಒಂದು ಬೇಲಿ, ಅದರ ಹಿಂದೆ ಬಯಲು. ಡಾಕ್ಟರು ಮೊದಲು ಔಷಧಿ, ಆಮೇಲೆ ನಾಟಿ ಅನ್ನೋದು ಅದಕ್ಕೇ.

ಇನ್ನು ದಿನದ ಬದುಕು. ಆಪರೇಷನ್ ಒಂದು ದಿನದ್ದು, ಕಾಯೋದು ಒಂದು ವರ್ಷ. ಮೊದಲ ಕೆಲವು ದಿನ ಕೆಂಪು ಚುಕ್ಕೆ, ಹಕ್ಕಳೆ, ಊದಿದ ಹಣೆ. ಎರಡು ಮೂರು ವಾರಕ್ಕೆ ನೆಟ್ಟ ಕೂದಲೂ ಉದುರುತ್ತೆ! ಬೇರು ಒಳಗೇ ಇರುತ್ತೆ, ಮೂರು ನಾಲ್ಕು ತಿಂಗಳಿಗೆ ಚಿಗುರುತ್ತೆ ಅಂತ ಗೊತ್ತಿದ್ರೂ ಆ ಹೊತ್ತಲ್ಲಿ ಎದೆ ಝಲ್ ಅನ್ನದೇ ಇರಲ್ಲ. ದುಡ್ಡೂ ಹೋಯ್ತು, ಕೂದಲೂ ಹೋಯ್ತು ಅಂತ ಕನ್ನಡಿ ಮುಂದೆ ನಿಲ್ಲೋ ತಿಂಗಳುಗಳು ಅವು. ಪೂರ್ತಿ ಫಲ ಕಾಣೋಕೆ ಒಂಬತ್ತರಿಂದ ಹನ್ನೆರಡು ತಿಂಗಳು. ಮದುವೆ ತಾರೀಖು ಗೊತ್ತಾದ ಮೇಲೆ ಓಡೋರು ಇದನ್ನ ಕ್ಯಾಲೆಂಡರ್‌ನಲ್ಲಿ ಎಣಿಸ್ಕೊಳ್ಳಿ.

ಧೈರ್ಯ ಬರುತ್ತಾ? 2016ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ 122 ಜನಕ್ಕೆ ಗಂಡಸರ ಫೋಟೊ ಜೋಡಿಗಳನ್ನ ತೋರಿಸಿದ್ರು. ಟ್ರಾನ್ಸ್‌ಪ್ಲಾಂಟ್ ಆದ ಮುಖಗಳು ಸುಮಾರು ಮೂರೂವರೆ ವರ್ಷ ಚಿಕ್ಕವಾಗಿ, ಹೆಚ್ಚು ಆಕರ್ಷಕವಾಗಿ, ಹೆಚ್ಚು ಯಶಸ್ವಿಯಾಗಿ ಕಂಡವಂತೆ. ಗಮನಿಸಿ, ಅಳೆದದ್ದು ನೋಡೋರ ಕಣ್ಣನ್ನ. ಆ ಗಂಡಸಿನ ಮನಸ್ಸನ್ನಲ್ಲ. ಆದ್ರೂ ಆ ಕಣ್ಣು ಸುಳ್ಳಲ್ಲ. ಇಂಟರ್‌ವ್ಯೂನಲ್ಲಿ, ಹೆಣ್ಣು ನೋಡೋ ಶಾಸ್ತ್ರದಲ್ಲಿ ನಮ್ಮನ್ನ ಅಳೆಯೋದು ಅದೇ ಕಣ್ಣು. ಮಾಡಿಸ್ಕೊಂಡವರನ್ನ ‘ಶೋಕಿ’ ಅಂತ ಆಡಿಕೊಳ್ಳೋರ ಜತೆ ನಾನಿಲ್ಲ. ಗಾಳಿ ಬೀಸಿದಾಗ ಕೈ ತಲೆಗೆ ಹೋಗೋದು ನಿಂತ್ರೆ ಅದೂ ಒಂದು ನೆಮ್ಮದಿಯೇ. ಹುಷಾರಾಗಿ ಇರಬೇಕಾದ್ದು ಎಲ್ಲಿ ಮಾಡಿಸ್ತೀರಿ ಅನ್ನೋದರಲ್ಲಿ. ಕಸಿ ನಂತರ ಸಾವಾದ ಪ್ರಕರಣ ದೆಹಲಿ ಹೈಕೋರ್ಟ್ ಮುಂದೆ ಬಂದ ಮೇಲೆ, 2022ರ ಸೆಪ್ಟೆಂಬರಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ನಿಯಮ ಹೊರಡಿಸ್ತು: ತರಬೇತಿ ಪಡೆದ ನೋಂದಾಯಿತ ವೈದ್ಯರೇ ಮಾಡಬೇಕು, ಯೂಟ್ಯೂಬ್ ನೋಡಿ ಕಲಿತದ್ದು ತರಬೇತಿ ಅಲ್ಲ. ಸರ್ಕಾರಿ ಕಾಗದದಲ್ಲಿ ಯೂಟ್ಯೂಬ್ ಹೆಸರು ಬರೀಬೇಕಾಯ್ತು ಅಂದ್ರೆ ಪರಿಸ್ಥಿತಿ ಎಲ್ಲಿಗೆ ಬಂದಿತ್ತು ಯೋಚಿಸಿ. ಕತ್ತಿ ಹಿಡಿಯೋರು ಯಾರು, ಅವರ ನೋಂದಣಿ ಸಂಖ್ಯೆ ಏನು ಅಂತ ಕೇಳೋಕೆ ಸಂಕೋಚ ಬೇಡ.

ಮನೆಯಲ್ಲಿ ಮುತ್ತಜ್ಜನ ಫೋಟೊ ಇದ್ರೆ ಇವತ್ತು ಒಂದ್ಸಲ ಇಳಿಸಿ ನೋಡಿ. ಜುಟ್ಟಾ, ರುಮಾಲಾ, ಕ್ರಾಪಾ? ಕ್ರಾಪು ಬಿಟ್ಟ ಮೊದಲನೆಯವರು ಯಾರು, ಅವತ್ತು ಮನೆಯಲ್ಲಿ ಏನು ರಾದ್ಧಾಂತ ಆಯ್ತು ಅಂತ ಅಜ್ಜಿ ಹತ್ರ ಕೇಳಿ, ಒಂದು ವಾಯ್ಸ್ ನೋಟ್ ಕಳಿಸಿ. ಮುಂದಿನ ಎಪಿಸೋಡಿನಲ್ಲಿ ಅವನ್ನೇ ಕೇಳೋಣ.