ಗೂಢಚಾರಿಯ ಶತ್ರು ಯಾರು?

ರಾಣೆಬೆನ್ನೂರು ತಾಲ್ಲೂಕಿನ ಐರಣಿಯಲ್ಲಿ, ತುಂಗಭದ್ರೆಯ ದಡದಲ್ಲಿ, ಒಂದು ಹಳೆಯ ಕೋಟೆಯಿದೆ. ಕೋಟೆಯನ್ನು ಕಂಡಾಗ ಇತಿಹಾಸದ ವಿದ್ಯಾರ್ಥಿಯಾದ ನೀವು ಕೇಳಬೇಕಾದ ಪ್ರಶ್ನೆ ಒಂದುಂಟು: ಇದನ್ನು ಕಟ್ಟಿದವರಿಗೆ ಯಾರ ಭಯವಿತ್ತು? ಗೂಢಚಾರಿ ಚಿತ್ರಗಳನ್ನು ನೋಡುವಾಗಲೂ ಇದೇ ಪ್ರಶ್ನೆ ಕೇಳಿ. ಒಂದು ಕಾಲದ ಜನ ಯಾರನ್ನು ಶತ್ರುವೆಂದು ಎಣಿಸಿದ್ದರು ಎಂಬುದಕ್ಕೆ ಅವೂ ದಾಖಲೆಗಳೇ.

ಮೊದಲು ನಮ್ಮ ನಾಡಿನ ಉದಾಹರಣೆ. 1968ರಲ್ಲಿ ದೊರೈ–ಭಗವಾನ್ ಜೋಡಿ 'ಜೇಡರ ಬಲೆ'ಯನ್ನು ನಿರ್ದೇಶಿಸಿತು. ಪೌರಾಣಿಕ, ಐತಿಹಾಸಿಕ ಪಾತ್ರಗಳಿಂದ ಮನೆಮಾತಾಗಿದ್ದ ರಾಜ್‌ಕುಮಾರ್ ಇಲ್ಲಿ ಕಿರೀಟ ಕಳಚಿಟ್ಟು, ಸಿ.ಐ.ಡಿ. 999 ಆದರು. 1962ರಲ್ಲಿ 'ಡಾ. ನೋ' ಚಿತ್ರದೊಡನೆ ಬೆಳ್ಳಿತೆರೆಗೆ ಬಂದಿದ್ದ ಜೇಮ್ಸ್ ಬಾಂಡ್‌ನ 007 ಇದಕ್ಕೆ ಪ್ರೇರಣೆ. ಅದೇ ವರ್ಷ 'ಗೋವಾದಲ್ಲಿ ಸಿ.ಐ.ಡಿ. 999', 1969ರಲ್ಲಿ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999', 1978ರಲ್ಲಿ 'ಆಪರೇಷನ್ ಡೈಮಂಡ್ ರಾಕೆಟ್' ಬಂದವು. ನಾಲ್ಕಕ್ಕೂ ನಿರ್ದೇಶಕರು ಅವರೇ, ನಾಯಕನೂ ಅವರೇ.

ಈ ಹೆಸರುಗಳನ್ನೇ ಗಮನಿಸಿ. ಗೋವಾ ಪೋರ್ಚುಗೀಸರ ಆಳ್ವಿಕೆಯಿಂದ ಬಿಡುಗಡೆಗೊಂಡು ಭಾರತಕ್ಕೆ ಸೇರಿದ್ದು 1961ರ ಡಿಸೆಂಬರಿನಲ್ಲಿ. ಏಳು ವರ್ಷಗಳ ನಂತರ ಕನ್ನಡ ಪ್ರೇಕ್ಷಕನಿಗೆ ಅದು ಪಕ್ಕದಲ್ಲೇ ಇದ್ದ ಹೊಸ ಲೋಕ. ಇನ್ನು ವಜ್ರದ ಮಾತು. ಖಾಸಗಿ ಜನ ಚಿನ್ನದ ಗಟ್ಟಿ ಇಟ್ಟುಕೊಳ್ಳುವುದನ್ನು ನಿರ್ಬಂಧಿಸಿದ ಚಿನ್ನ ನಿಯಂತ್ರಣ ಕಾಯ್ದೆ ಬಂದದ್ದು 1968ರಲ್ಲಿ. ಕಳ್ಳಸಾಗಣೆದಾರರನ್ನು ಮುಂಜಾಗ್ರತೆಯಾಗಿ ಬಂಧಿಸಲು ಅವಕಾಶವಿತ್ತ 'ಕಾಫಿಪೋಸಾ' ಬಂದದ್ದು 1974ರಲ್ಲಿ. ಅಂಥ ದಶಕದ ಕೊನೆಗೆ ನಮ್ಮ ಗೂಢಚಾರಿ ವಜ್ರದ ಜಾಲದ ಬೆನ್ನು ಹತ್ತಿ ನೇಪಾಳಕ್ಕೆ ಹೋದುದರಲ್ಲಿ ಆಶ್ಚರ್ಯವಿಲ್ಲ.

ಇದೇ ಕಾಲದಲ್ಲಿ ಅಮೆರಿಕದ ಕಿರುತೆರೆಯಲ್ಲಿ ಬ್ರೂಸ್ ಗೆಲ್ಲರ್ ರೂಪಿಸಿದ 'ಮಿಷನ್: ಇಂಪಾಸಿಬಲ್' ಧಾರಾವಾಹಿ ನಡೆಯುತ್ತಿತ್ತು. 1966ರಿಂದ 1973ರವರೆಗೆ 171 ಕಂತುಗಳು. ಅಲ್ಲಿ ಒಬ್ಬನೇ ವೀರನಿಲ್ಲ; ವೇಷಗಾರ, ಯಂತ್ರತಜ್ಞ, ಬಲಶಾಲಿ ಕೂಡಿ ಕೆಲಸ ಮಾಡುವ ತಂಡವಿದೆ. ವಾರಕ್ಕೊಂದು ಕಂತು ಒದಗಿಸಬೇಕಾದ ಕಿರುತೆರೆಗೆ ದುಬಾರಿ ಸಾಹಸಕ್ಕಿಂತ ಜಾಣ ಯೋಜನೆಯೇ ಅನುಕೂಲ. ಶೀತಲ ಸಮರದ ದಿನಗಳಾದ್ದರಿಂದ ಶತ್ರು ಹಲವು ಬಾರಿ ಕಲ್ಪಿತ ದೇಶವೊಂದರ ಸರ್ವಾಧಿಕಾರಿ.

1991ರಲ್ಲಿ ಸೋವಿಯತ್ ಒಕ್ಕೂಟ ಒಡೆಯಿತು. 1996ರಲ್ಲಿ ಬ್ರಯಾನ್ ಡಿ ಪಾಲ್ಮ ಇದನ್ನು ಚಲನಚಿತ್ರವಾಗಿಸಿದಾಗ ಹೊರಗಿನ ಶತ್ರು ಸಾಲದೆ ಹೋದ. ಧಾರಾವಾಹಿಯಲ್ಲಿ ಎಲ್ಲರೂ ನಂಬಿದ್ದ ತಂಡದ ನಾಯಕ ಜಿಮ್ ಫೆಲ್ಪ್ಸ್‌ನೇ ದ್ರೋಹಿಯಾದ! ಧಾರಾವಾಹಿಯಲ್ಲಿ ಆ ಪಾತ್ರ ವಹಿಸಿದ್ದ ಪೀಟರ್ ಗ್ರೇವ್ಸ್ ಚಿತ್ರದಲ್ಲಿ ನಟಿಸಲಿಲ್ಲ. ತಂಡದ ಜಾಗಕ್ಕೆ ಟಾಮ್ ಕ್ರೂಸ್ ಎಂಬ ತಾರೆ ಬಂದ. 2025ರವರೆಗೆ ಎಂಟು ಚಿತ್ರಗಳಾದವು. 2023 ಮತ್ತು 2025ರ ಚಿತ್ರಗಳಲ್ಲಿ ಶತ್ರು ಮನುಷ್ಯನೇ ಅಲ್ಲ, ಕೃತಕ ಬುದ್ಧಿಮತ್ತೆ. ಪರದೇಶದ ಆಳುವವ, ನಮ್ಮೊಳಗಿನ ದ್ರೋಹಿ, ಯಂತ್ರ: ಅರುವತ್ತು ವರ್ಷಗಳಲ್ಲಿ ಭಯ ಸಾಗಿಬಂದ ದಾರಿ ಇದು.

ಇಲ್ಲೊಂದು ಎಚ್ಚರಿಕೆ ಅಗತ್ಯ. ಚಿತ್ರ ಕಾಲದ ಭಯವನ್ನು ತಿಳಿಸುತ್ತದೆಯೇ ಹೊರತು ಆ ಭಯ ನ್ಯಾಯವಾದುದೆಂದು ಸಾಧಿಸುವುದಿಲ್ಲ. ಕಥೆಗಾರ ಕಳ್ಳನನ್ನು ಯಾವ ಊರಿನಲ್ಲಿ ಅಡಗಿಸಿದನೋ ಆ ಊರಿನವರೆಲ್ಲ ಕಳ್ಳರಲ್ಲ. ಚಿತ್ರ ಮರೆತರೂ ಅನುಮಾನ ಮನಸ್ಸಿನಲ್ಲಿ ಉಳಿದುಬಿಡಬಹುದು.

ಹಳೆಯ ಗೂಢಚಾರಿ ಚಿತ್ರ ನೋಡುವ ಅವಕಾಶ ಸಿಕ್ಕರೆ ಪುಸ್ತಕದಲ್ಲಿ ನಾಲ್ಕು ಸಂಗತಿ ಗುರುತು ಹಾಕಿಕೊಳ್ಳಿ: ಬಿಡುಗಡೆಯ ವರ್ಷ, ಕಥೆ ನಡೆಯುವ ಊರು, ಕದಿಯಲಾದ ವಸ್ತು, ಶತ್ರು ಬಳಸಿದ ಯಂತ್ರ. ಅನಂತರ ಆ ವರ್ಷದ ಪತ್ರಿಕೆಗಳನ್ನು ಗ್ರಂಥಾಲಯದಲ್ಲಿ ತೆರೆದು ನೋಡಿ. ಚಿತ್ರವನ್ನು ಚಿತ್ರಮಂದಿರದಲ್ಲೇ ನೋಡಿದ ಅಜ್ಜ–ಅಜ್ಜಿಯರಿದ್ದರೆ, ಅಂದು ಅವರಿಗೆ ಯಾವುದು ಹೊಸದೆನಿಸಿತೆಂದು ಕೇಳಿ ಬರೆದುಕೊಳ್ಳಿ.